ಆಳೇ ಎದುರಿಗಿಲ್ಲದೆ ನೋಟರಿ ಸೀಲು ಹಾಕಿದ ವಕೀಲರ ಮೇಲೆ ದೂರು ಎಲ್ಲಿ ಕೊಡಬೇಕು?

ಗದ್ದೆಬಯಲು_ಮಂಡ್ಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮಂಡ್ಯ ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡಮ್ಮನ ಹೆಸರಿಗೆ ಒಂದು ಎಕರೆ ಹತ್ತು ಗುಂಟೆ ಜಮೀನಿದೆ. ವಿ.ಸಿ. ನಾಲೆ ಅಚ್ಚುಕಟ್ಟು, ಕಬ್ಬಿನ ಗದ್ದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗಿ ಪಹಣಿ ಅವರ ಹೆಸರಿಗೆ ಬಂತು. ಮಕ್ಕಳಿಲ್ಲ. ಈಗ ಕೋರ್ಟಿಂದ ಸಮನ್ಸ್ ಬಂದಿದೆ. ದೊಡ್ಡಮ್ಮ ಸಂಬಂಧಿಕರೊಬ್ಬರಿಗೆ ಜಿಪಿಎ (ತನ್ನ ಪರವಾಗಿ ವ್ಯವಹಾರ ಮಾಡಲು ಅಧಿಕಾರ ಕೊಡುವ ಪತ್ರ) ಬರೆದುಕೊಟ್ಟಿದ್ದಾರಂತೆ. ಆ ಜಿಪಿಎ ಹಿಡಿದುಕೊಂಡು ಅವರು ಬೇರೊಬ್ಬರಿಗೆ ಕ್ರಯದ ಕರಾರು ಮಾಡಿ ಅಡ್ವಾನ್ಸ್ ತೆಗೆದುಕೊಂಡಿದ್ದಾರಂತೆ. ಈಗ ಆ ಬೇರೊಬ್ಬರು ಕ್ರಯ ಮಾಡಿಕೊಡಿ ಅಂತ ದಾವಾ ಹಾಕಿದ್ದಾರೆ. ದೊಡ್ಡಮ್ಮನಿಗೆ ಇದ್ಯಾವುದೂ ಗೊತ್ತೇ ಇಲ್ಲ.

ದಾವೆ ಜೊತೆ ಬಂದ ಜಿಪಿಎ ನಕಲು ನನ್ನ ಮುಂದೆಯೇ ಇದೆ. ಕೊನೆ ಪುಟದಲ್ಲಿ ನೋಟರಿಯ ಗುಂಡಗಿನ ಸೀಲು, ಸಹಿ, ಒಂದು ಕ್ರಮಸಂಖ್ಯೆ, ‘ನನ್ನ ಸಮಕ್ಷಮ ಬರೆದುಕೊಟ್ಟಿದ್ದಾರೆ’ ಅನ್ನುವ ಸಾಲು. ಪಕ್ಕದಲ್ಲಿ ‘ಇವರನ್ನು ನಾನು ಬಲ್ಲೆ’ ಅಂತ ಇನ್ನೊಬ್ಬ ವಕೀಲರ ಸಹಿ. ಬರೆದುಕೊಟ್ಟವರ ಜಾಗದಲ್ಲಿ ನೀಲಿ ಇಂಕಿನ ಒಂದು ಎಡಗೈ ಹೆಬ್ಬೆಟ್ಟು.

ದೊಡ್ಡಮ್ಮ ಹೆಬ್ಬೆಟ್ಟು ಒತ್ತುವವರಲ್ಲ. ಏಳನೇ ತರಗತಿ ಓದಿದ್ದಾರೆ. ಬ್ಯಾಂಕಲ್ಲಿ, ಸೊಸೈಟಿ ಸಾಲದಲ್ಲಿ, ವಿಧವಾ ವೇತನದ ಅರ್ಜಿಯಲ್ಲಿ ಎಲ್ಲಾ ಕಡೆ ಕನ್ನಡದಲ್ಲಿ ಸಹಿ ಮಾಡಿದ್ದಾರೆ. ಅದಕ್ಕಿಂತ ದೊಡ್ಡದು, ಆ ಪತ್ರದ ತಾರೀಖಿನ ದಿನ ಅವರು ಸೊಂಟದ ಮೂಳೆ ಮುರಿದು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಡಿಸ್ಚಾರ್ಜ್ ಸಮ್ಮರಿ ಇದೆ. ಮಂಡ್ಯದಲ್ಲಿ ನೋಟರಿ ಮುಂದೆ ನಿಂತಿರಲು ಸಾಧ್ಯವೇ ಇಲ್ಲ.

ಸೀಲು ಹಾಕಿದವರು ಕೋರ್ಟಲ್ಲಿ ಪ್ರಾಕ್ಟೀಸ್ ಮಾಡುವ ವಕೀಲರೂ ಹೌದು. ಅವರ ಮೇಲೆ ದೂರು ಕೊಡಬೇಕು. ಎಲ್ಲಿಗೆ ಕೊಡಬೇಕು? ಊರಲ್ಲಿ ಎಲ್ಲರೂ ‘ವಕೀಲರ ಮೇಲೆ ವಕೀಲರೇ ಕ್ರಮ ತಗೋತಾರಾ, ಸುಮ್ನಿರು’ ಅಂತಾರೆ. ನನಗೆ ಸುಮ್ಮನಿರಲು ಆಗುತ್ತಿಲ್ಲ.

ಕುವೆಂಪುನಗರ_ಓದುಗ

ಚಿಂತೆ ಬಿಡಿ ಅಣ್ಣ. ನೋಟರಿ ಪತ್ರಕ್ಕೆ ಬೆಲೆಯೇ ಇಲ್ಲ. ಜಿಪಿಎ ಮೇಲೆ ಜಮೀನು ಮಾರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ರಿಜಿಸ್ಟರ್ ಆಗದ ಕಾಗದ ಕಸಕ್ಕೆ ಸಮ.

ಸಿವಿಲ್_ವಕೀಲ_ಮೈಸೂರು

ದಯವಿಟ್ಟು ‘ಚಿಂತೆ ಬಿಡಿ’ ಅನ್ನಬೇಡಿ. ಈ ಮಾತು ನಂಬಿ ಕೋರ್ಟಿಗೆ ಹೋಗದೆ ಕೂತು ಎಕ್ಸ್‌ಪಾರ್ಟಿ ಡಿಕ್ರಿ (ಒಂದು ಕಡೆಯವರು ಬಾರದೆ ಇದ್ದಾಗ ಅವರ ಮಾತು ಕೇಳದೆ ಆಗುವ ತೀರ್ಪು) ಮಾಡಿಸಿಕೊಂಡವರನ್ನು ನೋಡಿದ್ದೇನೆ.

ನೀವು ಹೇಳುತ್ತಿರುವುದು 2011ರ ಸೂರಜ್ ಲ್ಯಾಂಪ್ ತೀರ್ಪು. ಜಿಪಿಎ, ಕರಾರು, ವಿಲ್ ಮೂರನ್ನೂ ಜೋಡಿಸಿ ಕೊಟ್ಟರೆ ಅದು ಮಾರಾಟ ಆಗುವುದಿಲ್ಲ, ಹಕ್ಕು ವರ್ಗ ಆಗುವುದಿಲ್ಲ ಅಂತ ಅದು ಹೇಳಿತು. ಸರಿ. ಆದರೆ ಇಲ್ಲಿ ಎದುರು ಪಾರ್ಟಿ ‘ಜಮೀನು ನನ್ನದಾಗಿದೆ’ ಅನ್ನುತ್ತಿಲ್ಲ, ‘ಕರಾರಿನಂತೆ ಕ್ರಯ ಮಾಡಿಕೊಡಿ’ ಅನ್ನುತ್ತಿದ್ದಾರೆ. ನೋಂದಣಿ ಕಾಯ್ದೆ 1908ರ 49ನೇ ಕಲಮಿನ ಕೊನೆಯಲ್ಲಿ ಒಂದು ವಿನಾಯಿತಿ ಇದೆ. ನೋಂದಣಿ ಆಗದ ಕರಾರನ್ನೂ ಇಂಥ ದಾವೆಯಲ್ಲಿ ಸಾಕ್ಷ್ಯವಾಗಿ ನೋಡಬಹುದು. ಸ್ಟಾಂಪ್ ಕಡಿಮೆ ಇದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆ ಪ್ರಕಾರ ಹತ್ತು ಪಟ್ಟು ದಂಡ ಕಟ್ಟಿಸಿಕೊಂಡು ಸ್ವೀಕರಿಸುತ್ತಾರೆ. ಅದೂ ಒಂದು ತಕರಾರೇ, ಎತ್ತಬೇಕು. ಅಷ್ಟಕ್ಕೇ ದಾವಾ ಬಿದ್ದುಹೋಗುವುದಿಲ್ಲ.

ಇನ್ನು ‘ನೋಟರಿಗೆ ಬೆಲೆಯಿಲ್ಲ’ ಅನ್ನುವ ಮಾತು. ನೋಟರಿ ಮುಂದೆ ಆದ ಜಿಪಿಎ ಅಂತ ಕಂಡರೆ ಅದು ನಿಜವಾಗಿಯೂ ಆ ವ್ಯಕ್ತಿಯೇ ಬರೆದುಕೊಟ್ಟದ್ದು ಅಂತ ಕೋರ್ಟು ಮೊದಲಿಗೆ ಭಾವಿಸಬೇಕು. ಹಳೇ ಸಾಕ್ಷ್ಯ ಕಾಯ್ದೆಯ 85ನೇ ಕಲಂ, 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 84. ಅಂದರೆ ಆ ಸೀಲು ಬಿದ್ದ ಕೂಡಲೇ ‘ನಾನು ಹೋಗಿಲ್ಲ, ಒತ್ತಿಲ್ಲ’ ಅಂತ ಸಾಬೀತು ಮಾಡುವ ಭಾರ ನಿಮ್ಮ ದೊಡ್ಡಮ್ಮನ ತಲೆ ಮೇಲೆ ಬಂತು. ಸೊಂಟ ಮುರಿದುಕೊಂಡ ವಯಸ್ಸಾದ ಹೆಂಗಸು ಕಟಕಟೆ ಹತ್ತಿ ತಾನು ಎಲ್ಲಿದ್ದೆ ಅಂತ ವಿವರಿಸಬೇಕು. ಎದುರಿಗೆ ಆಳಿಲ್ಲದೆ ಸೀಲು ಒತ್ತುವುದನ್ನು ನಾನು ಸಣ್ಣ ತಪ್ಪು ಅಂತ ಒಪ್ಪದೇ ಇರುವುದು ಇದಕ್ಕೇ.

ಮೊದಲು ಮಾಡಬೇಕಾದ ಕೆಲಸ: ಸಮನ್ಸ್ ಸಿಕ್ಕಿದ ದಿನದಿಂದ 30 ದಿನದೊಳಗೆ ಲಿಖಿತ ತಕರಾರು ಹಾಕಿ. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಬಿಡಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ವಕೀಲರ ಫೀಸು ಕಷ್ಟ ಅಂದರೆ ಮಂಡ್ಯ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ ಮಾಡುವುದಾದರೆ 15100.

ದೂರಿನ ವಿಷಯ ಬೇರೆಯೇ ಬರೆಯುತ್ತೇನೆ.

ಟೈಪಿಂಗ್_ಅಂಗಡಿ

ನಾನು ತಾಲ್ಲೂಕು ಆಫೀಸಿನ ಎದುರು ಬಹಳ ವರ್ಷ ಟೈಪಿಂಗ್ ಮಾಡಿದವನು. ಊರು ಯಾವುದು ಅನ್ನುವುದು ಬೇಡ. ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಗದ್ದೆಬಯಲು ಅವರಿಗೆ ಉಪಯೋಗ ಆಗಬಹುದು.

ಜನ ಬೆಳಿಗ್ಗೆ ಬರುತ್ತಾರೆ. ಅಫಿಡವಿಟ್ ಟೈಪ್ ಆಗುತ್ತದೆ. ಹುಡುಗ ಒಬ್ಬ ಹತ್ತಿಪ್ಪತ್ತು ಕಾಗದ ಒಟ್ಟು ಮಾಡಿಕೊಂಡು ನೋಟರಿ ಹತ್ತಿರ ಓಡುತ್ತಾನೆ. ಜನ ಅಂಗಡಿ ಬೆಂಚಿನ ಮೇಲೇ ಕೂತಿರುತ್ತಾರೆ. ಅರ್ಧ ಗಂಟೆಗೆ ಸೀಲು ಬಿದ್ದು ವಾಪಸ್ ಬರುತ್ತದೆ. ರೇಷನ್ ಕಾರ್ಡ್, ಹೆಸರು ತಿದ್ದುಪಡಿ, ಸ್ಕಾಲರ್‌ಶಿಪ್, ಹೆಚ್ಚಿನವು ಇಂಥವೇ. ಯಾರಿಗೂ ತೊಂದರೆ ಆಗದ ಕಾಗದಗಳು. ಹಾಗಾಗಿ ಯಾರೂ ಕೇಳುವುದಿಲ್ಲ. ಅಭ್ಯಾಸ ಬೆಳೆಯುತ್ತದೆ. ಅದೇ ಒಟ್ಟಿನ ನಡುವೆ ಒಂದು ದಿನ ಜಿಪಿಎ ಬರುತ್ತದೆ, ಹುಡುಗ ಅದನ್ನೂ ತಂದಿಡುತ್ತಾನೆ, ಅದಕ್ಕೂ ಸೀಲು ಬೀಳುತ್ತದೆ.

ಇನ್ನೊಂದು ಕೆಟ್ಟ ಚಾಳಿ ಇದೆ. ರಿಜಿಸ್ಟರ್ ಪುಸ್ತಕದಲ್ಲಿ ದಿನದ ಕೊನೆಗೆ ಒಂದೆರಡು ಸಾಲು ಖಾಲಿ ಬಿಡುವುದು. ಮುಂದೆ ಯಾರಿಗಾದರೂ ಹಿಂದಿನ ತಾರೀಖಿಗೆ ಬೇಕಾದರೆ ಅಲ್ಲಿ ತುಂಬಿಸುತ್ತಾರೆ. ಎಲ್ಲರೂ ಹೀಗಲ್ಲ. ಆಧಾರ್ ನೋಡದೆ, ಮುಖ ನೋಡದೆ ಪೆನ್ನು ಮುಟ್ಟದ ನೋಟರಿಗಳು ನಮ್ಮ ಬೀದಿಯಲ್ಲೇ ಇದ್ದರು. ಅವರ ಹತ್ತಿರ ಗಿರಾಕಿ ಕಡಿಮೆ ಇದ್ದರು, ಇದು ನನಗೆ ಈಗಲೂ ಬೇಜಾರಿನ ವಿಷಯ.

ಆದ್ದರಿಂದ ಪತ್ರದ ಮೇಲಿನ ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ರಿಜಿಸ್ಟರಲ್ಲಿ ಅದರ ಹಿಂದಿನ, ಮುಂದಿನ ನಂಬರಿನ ತಾರೀಖು ಏನಿದೆ ನೋಡಿಸಿ. ಇಂಕು, ಕೈಬರಹ, ಸಾಲಿನ ಅಂತರ ಎಲ್ಲಾ ಗೊತ್ತಾಗುತ್ತದೆ.

ಎಲ್‌ಎಲ್‌ಬಿ_ಕೊನೇವರ್ಷ

ಟೈಪಿಂಗ್ ಅಂಗಡಿ ಸರ್ ಹೇಳಿದ ರಿಜಿಸ್ಟರ್ ಬಗ್ಗೆ ನೋಟರಿ ನಿಯಮಗಳು 1956ರಲ್ಲೇ ಇದೆ. ಪುಸ್ತಕ ಬಳಸುವ ಮೊದಲೇ ಅದರಲ್ಲಿ ಎಷ್ಟು ಪುಟ ಇದೆ ಅಂತ ಮೊದಲ ಪುಟದಲ್ಲಿ ನೋಟರಿ ಬರೆದು ಸಹಿ ಹಾಕಬೇಕು. ಪ್ರತಿ ಕಾಗದಕ್ಕೂ ತಾರೀಖು, ಬರೆದುಕೊಟ್ಟವರ ಹೆಸರು ವಿಳಾಸ, ಪತ್ರದ ವಿಷಯ, ತೆಗೆದುಕೊಂಡ ಫೀಸು, ರಸೀದಿ ನಂಬರು, ಮತ್ತೆ ಮುಖ್ಯವಾಗಿ ಬಂದ ವ್ಯಕ್ತಿಯ ಸಹಿ. ದೊಡ್ಡಮ್ಮ ಹೋಗಿಲ್ಲ ಅಂದಮೇಲೆ ಆ ಜಾಗದಲ್ಲಿ ಏನಿದೆ? ಖಾಲಿ ಇದ್ದರೆ ನೋಟರಿ ಸಿಕ್ಕಿಬಿದ್ದ ಹಾಗೆ. ಹೆಬ್ಬೆಟ್ಟು ಇದ್ದರೆ ಅದು ಯಾರದ್ದು ಅಂತ ಬೆರಳಚ್ಚು ತಜ್ಞರು ಹೇಳುತ್ತಾರೆ.

ಈ ರಿಜಿಸ್ಟರನ್ನು ಜಿಲ್ಲಾ ನ್ಯಾಯಾಧೀಶರು, ಇಲ್ಲವೇ ಸರ್ಕಾರ ನೇಮಿಸಿದ ಅಧಿಕಾರಿ ಪರಿಶೀಲಿಸಬಹುದು. ಪ್ರತಿ ಜನವರಿ ಮೊದಲ ವಾರ ಹಿಂದಿನ ವರ್ಷ ಮಾಡಿದ ಕೆಲಸದ ವರದಿಯನ್ನು ನೋಟರಿ ಸರ್ಕಾರಕ್ಕೆ ಕಳಿಸಬೇಕು. ಫೀಸಿನ ಪಟ್ಟಿಯನ್ನು ಆಫೀಸಿನ ಒಳಗೂ ಹೊರಗೂ ಕಾಣುವ ಹಾಗೆ ಹಾಕಬೇಕು. ನಾನು ಮೈಸೂರಲ್ಲಿ ಓದುತ್ತಿದ್ದೇನೆ. ಚಾಮರಾಜಪುರಂ ಕಡೆಯ ಹಳೇ ಕೋರ್ಟಿನ ಸುತ್ತಮುತ್ತ, ಮಳಲವಾಡಿಯ ಹೊಸ ಕೋರ್ಟಿನ ಹತ್ತಿರ ಓಡಾಡುವಾಗ ಆ ಪಟ್ಟಿಗಾಗಿ ಕಣ್ಣು ಹಾಯಿಸುತ್ತಿರುತ್ತೇನೆ. ಜನ ಕೇಳಲು ಶುರು ಮಾಡಿದರೆ ಎಲ್ಲರೂ ಹಾಕುತ್ತಾರೆ ಅಂತ ನನ್ನ ನಂಬಿಕೆ.

ಸಿವಿಲ್_ವಕೀಲ_ಮೈಸೂರು

ಈಗ ದೂರಿನ ವಿಷಯ. ಬಾಗಿಲು ಎರಡಿವೆ. ಎರಡನ್ನೂ ತಟ್ಟಿ.

ಒಂದು, ನೋಟರಿ ಹುದ್ದೆಯ ಬಾಗಿಲು. ನೋಟರಿ ಕಾಯ್ದೆ 1952ರ ಪ್ರಕಾರ ನೇಮಕ ಮಾಡುವುದು ಸರ್ಕಾರ. ಆದ್ದರಿಂದ ದೂರೂ ಸರ್ಕಾರಕ್ಕೇ. ಯಾವ ಸರ್ಕಾರ ಅಂತ ಸೀಲು ನೋಡಿದರೆ ಗೊತ್ತಾಗುತ್ತದೆ. ಸೀಲಿನ ಅಗಲ 5 ಸೆಂಟಿಮೀಟರ್ ಇರಬೇಕು. ಅದರಲ್ಲಿ ನೋಟರಿಯ ಹೆಸರು, ಕೆಲಸ ಮಾಡುವ ಪ್ರದೇಶ, ನೇಮಿಸಿದ ಸರ್ಕಾರದ ಹೆಸರು ಇರಬೇಕು. ಕರ್ನಾಟಕ ಸರ್ಕಾರ ಅಂತಿದ್ದರೆ ಬೆಂಗಳೂರಿನ ಕಾನೂನು ಇಲಾಖೆಗೆ. ಭಾರತ ಸರ್ಕಾರ ಅಂತಿದ್ದರೆ ದೆಹಲಿಯ ಕಾನೂನು ಸಚಿವಾಲಯದ ಕಾನೂನು ವ್ಯವಹಾರಗಳ ಇಲಾಖೆಗೆ. ಸೀಲಿನ ಮೇಲಿನ ಪ್ರದೇಶವನ್ನೂ ಓದಿ. ತನಗೆ ಕೊಟ್ಟ ಪ್ರದೇಶದ ಆಚೆ ಕೂತು ಸೀಲು ಹಾಕುವ ಹಾಗಿಲ್ಲ.

ದೂರು ಸುಮ್ನೆ ಬಿಳಿ ಹಾಳೆಯಲ್ಲಿ ಬರೆದು ಕಳಿಸಬೇಡಿ. ನಿಯಮ 13ರಲ್ಲಿ ಇದಕ್ಕೇ ನಮೂನೆ 13 ಅಂತ ಇದೆ. ನಮೂನೆ ಸರಿಯಿಲ್ಲ ಅಂತ ವಾಪಸ್ ಬಂದರೆ ತಿಂಗಳುಗಟ್ಟಲೆ ಹೋಗುತ್ತದೆ. ನೋಟರಿ ಏನು ಮಾಡಿದರು, ಏನು ಮಾಡಬೇಕಿತ್ತು, ಅದಕ್ಕೆ ಯಾವ ದಾಖಲೆ, ಯಾವ ಸಾಕ್ಷಿ, ಇಷ್ಟೂ ಅದರಲ್ಲಿರಬೇಕು. ಆಮೇಲೆ ದೂರಿನ ಪ್ರತಿ ನೋಟರಿಗೆ ಹೋಗುತ್ತದೆ. ಅವರಿಗೆ ಉತ್ತರ ಕೊಡಲು 14 ದಿನ. ನಂತರ ವಿಚಾರಣೆ. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಟ್ಟು ಬಿಡಬಹುದು, ಇಷ್ಟು ಕಾಲ ಅಂತ ಅಮಾನತು ಮಾಡಬಹುದು, ಸರ್ಟಿಫಿಕೇಟ್ ರದ್ದು ಮಾಡಿ ಇನ್ನೆಂದೂ ನೋಟರಿ ಆಗದಂತೆ ತಡೆಯಬಹುದು. ಕಾಯ್ದೆಯ 10ನೇ ಕಲಂ ಪ್ರಕಾರ ರಿಜಿಸ್ಟರಿಂದ ಹೆಸರು ತೆಗೆಯುತ್ತಾರೆ.

ಎರಡನೆಯದು ಸನ್ನದಿನ, ಅಂದರೆ ವಕೀಲಿಕೆ ಮಾಡುವ ಪರವಾನಗಿಯ ಬಾಗಿಲು. ನೋಟರಿ ಕೆಲಸ ಹೋದರೂ ವಕೀಲಿಕೆ ಹಾಗೇ ಇರುತ್ತದೆ. ಅದನ್ನು ಕೇಳುವ ಅಧಿಕಾರ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಇದೆ. ವಕೀಲರ ಕಾಯ್ದೆ 1961ರ 35ನೇ ಕಲಂ ‘ವೃತ್ತಿಪರ ಅಥವಾ ಇತರ ದುರ್ನಡತೆ’ ಅನ್ನುತ್ತದೆ. ಆ ‘ಇತರ’ದೊಳಗೆ ಕಕ್ಷಿದಾರರಲ್ಲದವರಿಗೆ ಮಾಡಿದ ಅನ್ಯಾಯವೂ ಬರುತ್ತದೆ. ದೂರು ಕೊಡಲು ನೀವು ಆ ವಕೀಲರ ಕಕ್ಷಿದಾರರೇ ಆಗಿರಬೇಕು ಅಂತೇನಿಲ್ಲ. ಇಲ್ಲಿನ ಶಿಕ್ಷೆ: ಛೀಮಾರಿ, ಅಮಾನತು, ಇಲ್ಲವೇ ವಕೀಲರ ಪಟ್ಟಿಯಿಂದ ಹೆಸರನ್ನೇ ತೆಗೆಯುವುದು.

ನಿಮ್ಮ ಪ್ರಕರಣದಲ್ಲಿ ‘ಇವರನ್ನು ನಾನು ಬಲ್ಲೆ’ ಅಂತ ಸಹಿ ಹಾಕಿದ ಎರಡನೇ ವಕೀಲರ ಮೇಲೂ ಪರಿಷತ್ತಿಗೆ ದೂರು ಕೊಡಬಹುದು. ಗುರುತಿಸಿದವರು ಪತ್ರದೊಳಗಿನ ಮಾತಿಗೆ ಜವಾಬ್ದಾರರಲ್ಲ. ಆದರೆ ಆಳನ್ನು ಗುರುತಿಸಿದ್ದೇನೆ ಅನ್ನುವ ಮಾತಿಗೆ ಪೂರ್ತಿ ಜವಾಬ್ದಾರರು. ಆಸ್ಪತ್ರೆಯಲ್ಲಿದ್ದವರನ್ನು ಮಂಡ್ಯದಲ್ಲಿ ಹೇಗೆ ಗುರುತಿಸಿದರು?

ಪಾಂಡವಪುರದ_ಅಕ್ಕ

ಸರ್, ಇಂಗ್ಲಿಷಲ್ಲೇ ಬರೆಯಬೇಕಾ ಪರಿಷತ್ತಿಗೆ? ನಮ್ಮಂಥವರಿಗೆ ಅಲ್ಲೇ ಕಾಲು ಹಿಂದೆ ಬರುತ್ತದೆ.

ಸಿವಿಲ್_ವಕೀಲ_ಮೈಸೂರು

ಕನ್ನಡದಲ್ಲೇ ಬರೆಯಿರಿ ಅಕ್ಕ. ರಾಜ್ಯಭಾಷೆಯಲ್ಲಿ ದೂರು ಕೊಡಬಹುದು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಪ್ರಕರಣ ದೆಹಲಿಗೆ ಹೋಗುವ ಸಂದರ್ಭ ಬಂದರೆ ಇಂಗ್ಲಿಷಿಗೆ ಮಾಡಿಸುವುದು ರಾಜ್ಯ ಪರಿಷತ್ತಿನ ಕೆಲಸ. ಕೊನೆಯಲ್ಲಿ ‘ಮೇಲೆ ಬರೆದದ್ದು ನನಗೆ ತಿಳಿದಂತೆ ನಿಜ’ ಅಂತ ದೃಢೀಕರಿಸಿ ಸಹಿ ಹಾಕಬೇಕು, ನಿಗದಿ ಶುಲ್ಕ ಕಟ್ಟಬೇಕು. ಅಷ್ಟೇ.

ಹೊಸ_ಕೋಟು

ನಾನು ಮಂಡ್ಯ ಜಿಲ್ಲೆಯಲ್ಲೇ ಪ್ರಾಕ್ಟೀಸ್ ಶುರು ಮಾಡಿದ ವಕೀಲ. ಎಲ್ಲರೂ ಒಂದೇ ಕಡೆಯಿಂದ ಮಾತಾಡುತ್ತಿದ್ದೀರಿ, ಇನ್ನೊಂದು ಕಡೆಯೂ ಇರಲಿ.

ನೋಟರಿ ಹತ್ತಿರ ಬರುವ ಹಿರಿಯರಲ್ಲಿ ಅರ್ಧ ಜನಕ್ಕೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮಗನೋ ಅಳಿಯನೋ ಕಾಗದ ತರುತ್ತಾರೆ, ಅಮ್ಮ ಕೆಳಗೆ ಆಟೋದಲ್ಲಿ ಕೂತಿದ್ದಾರೆ ಅಂತಾರೆ. ಗೊತ್ತಿರುವ ಜೂನಿಯರ್ ಒಬ್ಬ ‘ನಮ್ಮ ಪಾರ್ಟಿನೇ ಸರ್’ ಅಂತಾನೆ. ನಂಬಿ ಸೀಲು ಹಾಕುತ್ತಾರೆ. ಮೋಸ ಮಾಡುವ ಉದ್ದೇಶ ಇರುವುದಿಲ್ಲ. ನಿಗದಿ ಫೀಸು ಎಷ್ಟು ಅಂತ ನಿಮಗೂ ಗೊತ್ತು, ದಿನಕ್ಕೆ ನೂರು ಕಾಗದ ಬಂದರೆ ಪ್ರತಿಯೊಬ್ಬರನ್ನೂ ಕೂರಿಸಿ ಓದಿ ಹೇಳಲು ಆಗುತ್ತಾ? ಇಂಥ ಒಂದು ನಂಬಿಕೆಗೆ ಸನ್ನದನ್ನೇ ಕಿತ್ತುಕೊಳ್ಳುವುದು ಜಾಸ್ತಿ ಆಯಿತು ಅಂತ ನನಗನಿಸುತ್ತದೆ.

ಹಳೇ_ರೆವಿನ್ಯೂ

ಹೊಸ ಕೋಟು ಅವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ನಾನು ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದವನು, ಶ್ರೀರಂಗಪಟ್ಟಣ, ಮಳವಳ್ಳಿ ಎರಡೂ ಕಡೆ ಕೆಲಸ ಮಾಡಿದ್ದೇನೆ. ಒಂದು ವಿಷಯ ಹೇಳಬೇಕು.

ವಂಶವೃಕ್ಷದ ಅಫಿಡವಿಟ್ ನಮ್ಮ ಮೇಜಿಗೆ ಬರುತ್ತಿತ್ತು. ‘ಮೃತರಿಗೆ ಇವರಿಷ್ಟೇ ವಾರಸುದಾರರು’ ಅಂತ. ಕೆಳಗೆ ನೋಟರಿ ಸೀಲು. ನಾವು ಅದನ್ನು ನೋಡಿ ಮುಂದಕ್ಕೆ ಕಳಿಸುತ್ತಿದ್ದೆವು. ಎಷ್ಟೋ ಸಲ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಇರುತ್ತಿರಲಿಲ್ಲ. ಇಲ್ಲವೇ ‘ನಮಗೆ ಪಾಲು ಬೇಡ’ ಅಂತ ಅವರ ಹೆಸರಲ್ಲೇ ಒಂದು ಅಫಿಡವಿಟ್ ಲಗತ್ತಾಗಿರುತ್ತಿತ್ತು. ಅವರು ಬೆಂಗಳೂರಲ್ಲೋ ಮಡಿಕೇರಿಯಲ್ಲೋ ಇರುತ್ತಿದ್ದರು. ಖಾತೆ ಆದ ಮೇಲೆ ಹಬ್ಬಕ್ಕೆ ಊರಿಗೆ ಬಂದಾಗ ವಿಷಯ ಗೊತ್ತಾಗಿ ಅಳುತ್ತಾ ಆಫೀಸಿಗೆ ಬರುತ್ತಿದ್ದರು. ಜಮೀನಿನ ಹಕ್ಕನ್ನು ಅಫಿಡವಿಟ್ ಮೇಲೆ ಬಿಟ್ಟುಕೊಡಲು ಬರುವುದಿಲ್ಲ. ಹಕ್ಕು ಖುಲಾಸೆ ಪತ್ರ ಸಬ್ ರಿಜಿಸ್ಟ್ರಾರ್ ಮುಂದೆ ನೋಂದಣಿ ಆಗಬೇಕು. ಆದರೂ ಸೀಲು ಇರುವ ಕಾಗದ ನೋಡಿದರೆ ಕಚೇರಿಯಲ್ಲಿ ಎಲ್ಲರ ಕೈ ಸಡಿಲ ಆಗುತ್ತದೆ.

ಆ ಅಕ್ಕತಂಗಿಯರು ಎದುರಿಗೆ ಬಂದಿದ್ದಾರಾ ಅಂತ ನೋಟರಿ ತಲೆಯೆತ್ತಿ ನೋಡಿದ್ದರೆ ಅಷ್ಟೂ ಕಣ್ಣೀರು ಉಳಿಯುತ್ತಿತ್ತು. ಉದ್ದೇಶ ಇತ್ತೋ ಇಲ್ಲವೋ, ಆ ಹೆಣ್ಣುಮಗಳಿಗೆ ನಷ್ಟ ಒಂದೇ.

ನೋಟರಿ_ಮೈಸೂರು

ನಾನು ನೋಟರಿ. ಹೊಸ ಕೋಟು ಅವರ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿತು.

ಅಮ್ಮ ಆಟೋದಲ್ಲಿದ್ದಾರೆ ಅಂದರೆ ರಿಜಿಸ್ಟರ್ ಹಿಡಿದುಕೊಂಡು ಆಟೋ ಹತ್ತಿರ ಇಳಿದು ಹೋಗಿ. ನಾನು ಹೋಗುತ್ತೇನೆ. ಹಾಸಿಗೆ ಹಿಡಿದವರ ಮನೆಗೆ ಹೋಗಲೂ ಅಡ್ಡಿಯಿಲ್ಲ, ಫೀಸಿನ ಜೊತೆ ಪ್ರಯಾಣದ ಖರ್ಚು ತೆಗೆದುಕೊಳ್ಳಲು ನಿಯಮ 10ರಲ್ಲೇ ಅವಕಾಶ ಇದೆ. ಪತ್ರ ಓದಿ ಹೇಳಿ, ‘ಇದರಲ್ಲಿ ಏನಿದೆ ಗೊತ್ತಾ ಅಜ್ಜಿ’ ಅಂತ ಕೇಳುತ್ತೇನೆ. ಅವರೇ ಅವರ ಮಾತಲ್ಲಿ ಹೇಳಬೇಕು. ಮಗ ಪಕ್ಕದಿಂದ ಉತ್ತರ ಕೊಟ್ಟರೆ ಅವನನ್ನು ಹೊರಗೆ ಕಳಿಸುತ್ತೇನೆ. ಆಧಾರ್ ಫೋಟೋಗೂ ಮುಖಕ್ಕೂ ತಾಳೆ ನೋಡಿ, ರಿಜಿಸ್ಟರಲ್ಲಿ ನನ್ನ ಕಣ್ಣೆದುರೇ ಸಹಿ ಮಾಡಿಸಿ, ಆಮೇಲೆ ಸೀಲು. ಒಬ್ಬರಿಗೆ ಹತ್ತು ನಿಮಿಷ ಬೇಕು. ದಿನಕ್ಕೆ ನೂರು ಕಾಗದ ಆಗುವುದಿಲ್ಲ, ನಿಜ. ಆಗಬಾರದು ಕೂಡ.

ನೋಟರಿ ಆಗಲು ಹತ್ತು ವರ್ಷ ವಕೀಲಿಕೆ ಬೇಕು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಏಳು ವರ್ಷ. ಇಷ್ಟು ಅನುಭವ ಯಾಕೆ ಕೇಳುತ್ತಾರೆ? ಸೀಲು ಒತ್ತಲು ಅನುಭವ ಬೇಡ. ಎದುರಿಗೆ ಕೂತವರು ಹೆದರಿದ್ದಾರಾ, ಯಾರಾದರೂ ಒತ್ತಾಯ ಮಾಡಿ ಕರೆತಂದಿದ್ದಾರಾ ಅಂತ ಗುರುತಿಸಲು ಬೇಕು. ನಮ್ಮದೇ ವೃತ್ತಿಯವರು ಇದನ್ನು ಹಗುರ ಮಾಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಗದ್ದೆಬಯಲು ಅವರೇ, ದೂರು ಕೊಡಿ.

ನ್ಯೂಜೆರ್ಸಿ_ಕನ್ನಡತಿ

ಮೂಲತಃ ಮೈಸೂರು, ಸರಸ್ವತಿಪುರಂ. ಇಲ್ಲಿ ಅಮೆರಿಕದಲ್ಲಿ ನೋಟರಿ ಆಗಲು ವಕೀಲರೇ ಆಗಿರಬೇಕಿಲ್ಲ, ಬ್ಯಾಂಕಿನ ಗುಮಾಸ್ತರೂ ಆಗಿರುತ್ತಾರೆ. ಆದರೆ ವಕೀಲರೊಬ್ಬರು ಎದುರಿಗಿಲ್ಲದವರ ಸಹಿಗೆ ನೋಟರಿ ಮಾಡಿದರೆ ಅದು ವಕೀಲಿಕೆಯ ಶಿಸ್ತಿನ ವಿಷಯ ಆಗುತ್ತದೆ. ಹೆಚ್ಚಿನ ರಾಜ್ಯಗಳಲ್ಲಿ ಅಂತಿಮವಾಗಿ ತೀರ್ಮಾನ ಮಾಡುವುದು ಆ ರಾಜ್ಯದ ಸುಪ್ರೀಂ ಕೋರ್ಟ್. ಸಹಿ ನಿಜವಾಗಿ ಅವರದ್ದೇ ಆಗಿದ್ದು, ಯಾರಿಗೂ ನಷ್ಟ ಆಗದಿದ್ದರೂ ಬಹಿರಂಗ ಛೀಮಾರಿ ಹಾಕಿದ, ಅಮಾನತು ಮಾಡಿದ ಪ್ರಕರಣಗಳಿವೆ. ‘ನನ್ನೆದುರು ಸಹಿ ಮಾಡಿದರು’ ಅಂತ ವಕೀಲ ಬರೆದದ್ದು ಸುಳ್ಳು, ಅಷ್ಟೇ ಸಾಕು ಅನ್ನುತ್ತಾರೆ. ಆದೇಶ ಹೆಸರು ಸಮೇತ ಜಾಲತಾಣದಲ್ಲಿ ಬರುತ್ತದೆ, ಯಾರು ಬೇಕಾದರೂ ಹುಡುಕಿ ಓದಬಹುದು. ನಮ್ಮಲ್ಲೂ ಶಿಸ್ತು ಸಮಿತಿಯ ಆದೇಶಗಳು ಅಷ್ಟು ಸುಲಭವಾಗಿ, ಕನ್ನಡದಲ್ಲಿ ಓದಲು ಸಿಗಬೇಕು ಅಂತ ನನಗೆ ಬಹಳ ಆಸೆ.

ಗದ್ದೆಬಯಲು_ಮಂಡ್ಯ

ಎಲ್ಲರಿಗೂ ಕೈಮುಗಿಯುತ್ತೇನೆ. ವಿಧವಾ ವೇತನದ ಅರ್ಜಿ ನಕಲು, ಸೊಸೈಟಿ ಸಾಲದ ಪತ್ರ, ಆಸ್ಪತ್ರೆ ಕಾಗದ ಎಲ್ಲಾ ಒಟ್ಟು ಮಾಡುತ್ತಿದ್ದೇನೆ. ಉಚಿತ ಕಾನೂನು ನೆರವಿಗೂ ಅರ್ಜಿ ಕೊಟ್ಟಾಯಿತು.

ಮೂರು ಪ್ರಶ್ನೆ. ಪೊಲೀಸ್ ಸ್ಟೇಷನ್ನಿಗೂ ದೂರು ಕೊಡಬಹುದಾ? ಊರಿನ ಹಿರಿಯರು ರಾಜಿಗೆ ಕೂರಿಸುತ್ತಿದ್ದಾರೆ, ‘ನೋಟರಿ ಮೇಲಿನ ದೂರು ಬಿಟ್ಟುಬಿಡು, ಅವರಿಗೆ ಹೇಳಿ ದಾವಾ ತೆಗೆಸುತ್ತೇವೆ’ ಅಂತಾರೆ. ದೂರು ಕೊಟ್ಟು ಆಮೇಲೆ ಹಿಂದೆ ಸರಿದರೆ ಏನಾಗುತ್ತದೆ? ಮತ್ತೆ ಇದೆಲ್ಲಾ ಮುಗಿಯಲು ಎಷ್ಟು ಕಾಲ ಬೇಕು? ದೊಡ್ಡಮ್ಮನಿಗೆ ವಯಸ್ಸಾಗಿದೆ.

ಸಿವಿಲ್_ವಕೀಲ_ಮೈಸೂರು

ಪೊಲೀಸ್ ವಿಷಯ ಮೊದಲು. ಸುಳ್ಳು ಹೆಬ್ಬೆಟ್ಟು ಹಾಕಿ ಜಿಪಿಎ ಹುಟ್ಟಿಸಿದವರ ಮೇಲೆ, ಅದನ್ನು ಬಳಸಿದವರ ಮೇಲೆ ಖಂಡಿತ ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಖೋಟಾ ದಾಖಲೆಗೆ 336ರಿಂದ ಮುಂದಿನ ಕಲಮುಗಳಿವೆ. ನೋಟರಿ ವಿಷಯದಲ್ಲಿ ಮಾತ್ರ ಒಂದು ತಡೆ ಇದೆ. ನೋಟರಿ ಕಾಯ್ದೆಯ 13ನೇ ಕಲಂ ಪ್ರಕಾರ, ನೋಟರಿ ತನ್ನ ಕೆಲಸದಲ್ಲಿ ಮಾಡಿದ ಅಪರಾಧವನ್ನು ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ಲಿಖಿತ ದೂರು ಕೊಡಬೇಕು. ಇದನ್ನು ತೋರಿಸಿ ನೋಟರಿಗಳ ಮೇಲಿನ ಕೇಸು ಹೈಕೋರ್ಟಲ್ಲಿ ರದ್ದಾದದ್ದುಂಟು. ಆದ್ದರಿಂದ ಕಾನೂನು ಇಲಾಖೆಗೆ ಕೊಡುವ ದೂರಿನ ಜೊತೆಯಲ್ಲೇ, 13ನೇ ಕಲಂ ಕೆಳಗೆ ಅಧಿಕಾರಿಯಿಂದ ದೂರು ಹಾಕಿಸಿ ಅಂತ ಇನ್ನೊಂದು ಮನವಿ ಸೇರಿಸಿ. ಹೆಚ್ಚಿನವರು ಇದನ್ನು ಮರೆಯುತ್ತಾರೆ.

ರಾಜಿ ಬಗ್ಗೆ. ಜಮೀನಿನ ವ್ಯಾಜ್ಯ ರಾಜಿ ಮಾಡಿಕೊಳ್ಳುವುದು ಬಿಡುವುದು ನಿಮ್ಮ ಮನೆಯವರಿಗೆ ಬಿಟ್ಟದ್ದು. ಆದರೆ ವಕೀಲರ ಪರಿಷತ್ತಿಗೆ ಹೋದ ದೂರು ಆ ಜಮೀನಿನ ಹಾಗಲ್ಲ. ದೂರುದಾರ ವಾಪಸ್ ತೆಗೆದುಕೊಂಡ, ರಾಜಿಯಾಯಿತು, ಮುಂದುವರಿಸಲು ಇಷ್ಟವಿಲ್ಲ, ಈ ಕಾರಣಗಳಿಗಷ್ಟೇ ವಿಚಾರಣೆ ಕೈಬಿಡುವ ಹಾಗಿಲ್ಲ ಅಂತ ನಿಯಮ ಇದೆ. ಹಿರಿಯರಿಗೆ ಇದನ್ನು ಹಾಗೇ ಹೇಳಿ, ಒತ್ತಡ ಅರ್ಧ ಕಡಿಮೆ ಆಗುತ್ತದೆ. ಮತ್ತೆ, ‘ದೂರು ವಾಪಸ್ ತಗೋತೀನಿ, ಇಷ್ಟು ಕೊಡಿ’ ಅನ್ನುವ ಮಾತು ನಿಮ್ಮ ಕಡೆಯವರ ಬಾಯಿಂದ ತಪ್ಪಿಯೂ ಬರಬಾರದು. ಅಲ್ಲಿಗೆ ದೂರಿನ ಮರ್ಯಾದೆ ಹೋಯಿತು.

ಕಾಲದ ಬಗ್ಗೆ ಸುಳ್ಳು ಧೈರ್ಯ ಕೊಡುವ ಮನಸ್ಸಿಲ್ಲ. ವಕೀಲರ ಕಾಯ್ದೆಯ 36ಬಿ ಪ್ರಕಾರ ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಒಂದು ವರ್ಷದಲ್ಲಿ ತೀರ್ಮಾನ ಮಾಡಬೇಕು, ಇಲ್ಲದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಹೀಗೆ ರಾಶಿ ರಾಶಿ ದೆಹಲಿಗೆ ಹೋಗಿ ಕೂತದ್ದನ್ನು ಕಂಡು, ಒಂದು ವರ್ಷದ ಗಡುವನ್ನು ಪಾಲಿಸಿ, ವರ್ಗವಾಗಿ ಬಂದವನ್ನೂ ವರ್ಷದೊಳಗೆ ಮುಗಿಸಿ ಅಂತ 2021ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ದೂರು ನಿಂತಲ್ಲೇ ನಿಂತರೆ ಆ ತೀರ್ಪು ಹೆಸರಿಸಿ ಜ್ಞಾಪನ ಪತ್ರ ಬರೆಯಿರಿ. ತೀರ್ಮಾನ ಬಂದ ಮೇಲೆ ಒಪ್ಪಿಗೆ ಆಗದವರು 60 ದಿನದಲ್ಲಿ ಭಾರತೀಯ ಪರಿಷತ್ತಿಗೆ, ಅಲ್ಲಿಂದ 60 ದಿನದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಶಿಸ್ತಿನ ಪ್ರಕರಣದಲ್ಲಿ ಸಾಕ್ಷ್ಯ ಗಟ್ಟಿ ಇರಬೇಕು. ಒಬ್ಬರ ಜೀವನೋಪಾಯ ಹೋಗುವ ವಿಷಯ ಆದ್ದರಿಂದ ಅನುಮಾನದ ಮೇಲೆ ಶಿಕ್ಷೆ ಕೊಡುವುದಿಲ್ಲ, ಕೊಡಬಾರದು. ನಿಮ್ಮ ಹತ್ತಿರ ಎರಡು ಬಲವಾದ ವಸ್ತು ಇವೆ: ಆಸ್ಪತ್ರೆ ದಾಖಲೆ ಮತ್ತು ಹೆಬ್ಬೆಟ್ಟು. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು, ಒಳರೋಗಿ ದಾಖಲೆ ಪೂರ್ತಿ ದೃಢೀಕೃತ ನಕಲು ತೆಗೆಸಿ. ಆ ದಿನದ ನರ್ಸ್ ಚಾರ್ಟ್ ಇರುತ್ತದೆ, ಯಾವ ಹೊತ್ತಿಗೆ ಯಾವ ಇಂಜೆಕ್ಷನ್ ಅಂತ. ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ದಾವೆಯಲ್ಲಿ ನೋಟರಿಯನ್ನು ರಿಜಿಸ್ಟರ್ ಸಮೇತ ಸಾಕ್ಷಿಯಾಗಿ ಕರೆಸಲು ಅರ್ಜಿ ಹಾಕಿಸಿ. ಅದಕ್ಕೂ ಮೊದಲು, ಆ ಕ್ರಮಸಂಖ್ಯೆಯ ನಮೂದಿನ ನಕಲು ಕೊಡಿ ಅಂತ ನೋಟರಿಗೇ ಸ್ಪೀಡ್ ಪೋಸ್ಟಲ್ಲಿ ಪತ್ರ ಬರೆದು ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಬಂದರೂ ಒಳ್ಳೇದು, ಬರದಿದ್ದರೂ ದೂರಿನಲ್ಲಿ ಬರೆಯಲು ಒಂದು ಅಂಶ.

ಇನ್ನೊಂದು ಮುಖ್ಯ ಮಾತು. ನೋಟರಿಗೆ ಶಿಕ್ಷೆ ಆದರೂ ಆ ಜಿಪಿಎ ತಾನಾಗಿ ರದ್ದಾಗುವುದಿಲ್ಲ. ಅದನ್ನು ರದ್ದು ಮಾಡಿಸಲು ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಂ ಕೆಳಗೆ ಕೋರ್ಟನ್ನೇ ಕೇಳಬೇಕು. ವಿಷಯ ಗೊತ್ತಾದ ದಿನದಿಂದ ಮೂರು ವರ್ಷದ ಒಳಗೆ. ಇದೇ ದಾವೆಯಲ್ಲಿ ಪ್ರತಿದಾವೆಯಾಗಿ (ದಾವಾ ಹಾಕಿದವರ ಮೇಲೆ ನಿಮ್ಮ ಕಡೆಯಿಂದ ತಿರುಗಿ ಹಾಕುವ ದಾವೆ) ಹಾಕಬಹುದಾ ಅಂತ ನಿಮ್ಮ ವಕೀಲರು ನೋಡಲಿ.

ಹೊಸ_ಕೋಟು

ಹಳೇ ರೆವಿನ್ಯೂ ಸರ್ ಬರೆದದ್ದನ್ನು ಓದಿದೆ. ಸಣ್ಣ ಕಾಗದಕ್ಕೂ ಸನ್ನದು ಕಿತ್ತುಕೊಳ್ಳಬೇಕು ಅನ್ನುವುದನ್ನು ಈಗಲೂ ಒಪ್ಪುವುದಿಲ್ಲ. ಎಚ್ಚರಿಕೆ, ಅಮಾನತು ಅಂತ ಮೆಟ್ಟಿಲುಗಳು ಇರುವುದು ಅದಕ್ಕೇ. ಆದರೆ ಜಮೀನಿನ ಜಿಪಿಎ ಸಣ್ಣ ಕಾಗದ ಅಲ್ಲ ಅನ್ನುವುದನ್ನು ಒಪ್ಪುತ್ತೇನೆ. ಗದ್ದೆಬಯಲು ಅವರೇ, ನಮೂನೆ 13 ಭರ್ತಿ ಮಾಡಲು ಸಹಾಯ ಬೇಕಿದ್ದರೆ ಹೇಳಿ. ಮಂಡ್ಯ ಕೋರ್ಟಿನ ಹತ್ತಿರ ಸಿಗುತ್ತೇನೆ, ಫೀಸು ಬೇಡ.

ಕುವೆಂಪುನಗರ_ಓದುಗ

ಒಂದು ಪಕ್ಕದ ಪ್ರಶ್ನೆ. ನಮ್ಮ ಪರಿಚಯದ ಹುಡುಗ ಹುಡುಗಿ ನೋಟರಿ ಹತ್ತಿರ ‘ಮದುವೆ ಕರಾರು’ ಮಾಡಿಸಿಕೊಂಡು ಮದುವೆ ಆಯಿತು ಅಂತಿದ್ದಾರೆ. ಇದು ನಡೆಯುತ್ತಾ?

ನೋಟರಿ_ಮೈಸೂರು

ನಡೆಯುವುದಿಲ್ಲ. ನೋಟರಿ ವಿವಾಹಾಧಿಕಾರಿ ಅಲ್ಲ. ಮದುವೆ, ವಿಚ್ಛೇದನದ ಪತ್ರಗಳನ್ನು ನೋಟರಿಗಳು ಮಾಡಿಕೊಡಬಾರದು, ಮಾಡಿದರೆ ಅದು ದುರ್ನಡತೆ ಅಂತ ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರಲ್ಲಿ ಪತ್ರ ಹೊರಡಿಸಿದೆ. ಅವರಿಗೆ ಬೇಗ ಹೇಳಿ, ಹಿಂದೂ ವಿವಾಹ ಕಾಯ್ದೆ ಇಲ್ಲವೇ ವಿಶೇಷ ವಿವಾಹ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಲಿ. ನಾಳೆ ಆ ಹುಡುಗಿಗೆ ಜೀವನಾಂಶವೋ ಆಸ್ತಿಯೋ ಬೇಕಾದಾಗ ಆ ಕರಾರು ಕೈಹಿಡಿಯುವುದಿಲ್ಲ.

ಪಾಂಡವಪುರದ_ಅಕ್ಕ

ನನ್ನದೂ ಒಂದು. ನಮ್ಮ ಮನೆಯ ಒಂದು ಕರಾರಿನ ಮೇಲೆ ನೋಟರಿ ಸೀಲಿದೆ. ಅವರ ಸರ್ಟಿಫಿಕೇಟ್ ಅವಧಿ ಆಗಲೇ ಮುಗಿದಿತ್ತು ಅಂತ ಯಾರೋ ಹೇಳಿದರು. ಹಾಗಿದ್ದರೆ ಏನು ಮಾಡುವುದು?

ಸಿವಿಲ್_ವಕೀಲ_ಮೈಸೂರು

ಯಾರೋ ಹೇಳಿದ್ದನ್ನು ಬಿಟ್ಟು ಮೊದಲು ಖಚಿತ ಮಾಡಿಕೊಳ್ಳಿ ಅಕ್ಕ. ಸರ್ಟಿಫಿಕೇಟ್ ಐದು ವರ್ಷಕ್ಕೆ ಕೊಡುತ್ತಾರೆ, ಆಮೇಲೆ ನವೀಕರಿಸಬೇಕು. ಸೀಲಿನಲ್ಲಿರುವ ಸರ್ಕಾರ ಯಾವುದು ನೋಡಿ, ಅಲ್ಲಿಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಇಂಥ ತಾರೀಖಿನಂದು ಇವರ ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತೇ, ಯಾವ ಪ್ರದೇಶಕ್ಕೆ, ನವೀಕರಣ ಯಾವಾಗ ಆಯಿತು. ಇಷ್ಟೇ ಕೇಳಿ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಇರಲಿಲ್ಲ ಅಂತ ಬಂದರೆ ಅದು ಬರೀ ದುರ್ನಡತೆ ಅಲ್ಲ. ಸರ್ಟಿಫಿಕೇಟ್ ಇಲ್ಲದೆ ನೋಟರಿ ಕೆಲಸ ಮಾಡಬಾರದು ಅಂತ 9ನೇ ಕಲಂ ಹೇಳುತ್ತದೆ, ಮೀರಿದವರಿಗೆ 12ನೇ ಕಲಮಿನಲ್ಲಿ ಜೈಲು ಶಿಕ್ಷೆಯೂ ಇದೆ. ಉತ್ತರ ಬಂದ ಮೇಲೆ ಕರಾರಿನ ಜೊತೆ ಇಲ್ಲಿ ಹಾಕಿ, ಆಧಾರ್ ನಂಬರು, ಸರ್ವೆ ನಂಬರು ಅಳಿಸಿ ಹಾಕಿ. ನೋಡಿ ಹೇಳುತ್ತೇನೆ.